ಹೆಸರಿಟ್ಟವರು, ಹುಳು ಸಾಕಿದವರು

ಪಶ್ಚಿಮಘಟ್ಟದ ಕಾಡಂಚಿನ ಊರುಗಳಲ್ಲಿ ರಾತ್ರಿಯ ದೀಪಕ್ಕೆ ಎರಡು ಅಂಗೈ ಅಗಲದ, ಇಟ್ಟಿಗೆ ಬಣ್ಣದ, ನಾಲ್ಕೂ ರೆಕ್ಕೆಗಳಲ್ಲಿ ಬೆಳಕು ಹಾಯುವ ತ್ರಿಕೋನ ಕಲೆಗಳಿರುವ ಪತಂಗವೊಂದು ಬಂದು ಕೂತರೆ ಅದು ಸುದ್ದಿಯಾಗುತ್ತದೆ. ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಕೆಳಗೆ ‘ಅಟ್ಲಾಸ್ ಪತಂಗ’ ಎಂದು ಅಚ್ಚಾಗಿರುತ್ತದೆ. ಅಟ್ಲಾಸ್ ಎಂಬುದು ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಇಟ್ಟ ಹೆಸರು. ಆದರೆ ದಕ್ಷಿಣ ಭಾರತದ ಮತ್ತು ಶ್ರೀಲಂಕಾದ ಕಾಡುಗಳಲ್ಲಿರುವುದು ಆ ಅಟ್ಲಾಸ್ ಅಲ್ಲ, ಅದರ ದಾಯಾದಿ ಅಟಾಕಸ್ ತಪ್ರೊಬಾನಿಸ್. ಲಂಡನ್ನಿನ ಫ್ರೆಡರಿಕ್ ಮೂರ್ ಇದನ್ನು 1882ರಲ್ಲೇ ಬೇರೆ ಪ್ರಭೇದವೆಂದು ವರ್ಣಿಸಿದ್ದರು. ಆಮೇಲೆ ಬಹುಕಾಲ ಅದನ್ನು ಅಟ್ಲಾಸ್‌ನ ಒಂದು ಪ್ರಾದೇಶಿಕ ರೂಪವೆಂದು ಬದಿಗೆ ಸರಿಸಿಡಲಾಯಿತು. 1989ರಲ್ಲಿ ಅಮೆರಿಕದ ರಿಚರ್ಡ್ ಪೈಗ್ಲರ್ ಅಟಾಕಸ್ ಕುಲವನ್ನಿಡೀ ಮರುಪರಿಶೀಲಿಸಿ ಮೂರ್ ಕಂಡ ಪ್ರಭೇದಕ್ಕೆ ಅದರ ಸ್ಥಾನವನ್ನು ಮರಳಿ ಕೊಟ್ಟರು. ನಮ್ಮ ಕಾಡಿನ ಅತಿ ದೊಡ್ಡ ಪತಂಗ, ಯಾರ ಕಣ್ಣಿಗೂ ತಪ್ಪಿಸಿಕೊಳ್ಳಲಾಗದ ಪತಂಗ, ತಾನು ಯಾರು ಎಂದು ತೀರ್ಮಾನವಾಗಲು ನೂರು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು ಎಂದಾದರೆ, ಉಗುರಿನಷ್ಟು ಗಾತ್ರದ ಸಾವಿರಾರು ಪತಂಗಗಳ ಗತಿ ಏನಿರಬಹುದು?

ಪ್ರಾಣಿಶಾಸ್ತ್ರದ ರೂಢಿಯಲ್ಲಿ ಪ್ರಭೇದದ ಹೆಸರಿನ ಬೆನ್ನಿಗೇ ಅದನ್ನು ಮೊದಲು ವರ್ಣಿಸಿದವರ ಹೆಸರು ಮತ್ತು ವರ್ಷ ಬರುತ್ತವೆ. ಈ ಬಾಲಂಗೋಚಿಯನ್ನೇ ನಂಬಿ ಪತಂಗಗಳ ಇತಿಹಾಸ ಬರೆದರೆ ಅದು ಇಂಗ್ಲೆಂಡಿನ ನಾಲ್ಕಾರು ಮೇಜುಗಳ ಇತಿಹಾಸವಾಗುತ್ತದೆ: ಮೂರ್, ವಾಕರ್, ಹ್ಯಾಂಪ್ಸನ್, ಮೈರಿಕ್. ಇವರ ಕೆಲಸ ದೊಡ್ಡದು, ಅನುಮಾನವಿಲ್ಲ. ಆದರೂ ನನ್ನ ವಾದ ಇಷ್ಟು: ಉಷ್ಣವಲಯದ ಕಾಡಿನ ಪತಂಗದಲ್ಲಿ ಒಂದು ಪ್ರಭೇದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಸೂಜಿ ಚುಚ್ಚಿದ ರೆಕ್ಕೆಯಿಂದಲ್ಲ, ಸೊಪ್ಪು ಹಾಕಿ ಸಾಕಿದ ಹುಳುವಿನಿಂದ. ಆ ಕೆಲಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಕಾರವಾರದಲ್ಲಿ. ಹುಳು ಸಾಕಿದವರನ್ನು ಹೆಸರಿಟ್ಟವರ ಸಹಾಯಕರೆಂದು ಕಾಣುವ ರೂಢಿ ಈಗಲೂ ಇದೆ. ಪುರಾವೆ ನೋಡಿದರೆ ಅದು ನಿಲ್ಲುವುದಿಲ್ಲ.

ಮೊದಲು ಮೇಜಿನ ಕೆಲಸ ಹೇಗಿತ್ತೆಂದು ನೋಡೋಣ. ವಸಾಹತುಗಳಿಂದ ಹಡಗಿನಲ್ಲಿ ಬಂದ ಪೆಟ್ಟಿಗೆ ತೆರೆದು, ಒಣಗಿದ ಪತಂಗವನ್ನು ಹದ ಮಾಡಿ, ರೆಕ್ಕೆ ಬಿಡಿಸಿ, ಸೂಜಿಗೆ ಚುಚ್ಚಿ, ಕುಡಿಮೀಸೆಯ ಆಕಾರ, ರೆಕ್ಕೆಯ ನರಗಳ ಕವಲು, ಗೆರೆ, ಚುಕ್ಕೆ, ಬಣ್ಣಗಳನ್ನು ಒಂದು ಪ್ಯಾರಾದಲ್ಲಿ ಬರೆದರೆ ಹೊಸ ಪ್ರಭೇದ ಹುಟ್ಟಿದಂತೆ. ಬ್ರಿಟಿಷ್ ಮ್ಯೂಸಿಯಂಗಾಗಿ ಫ್ರಾನ್ಸಿಸ್ ವಾಕರ್ ತಯಾರಿಸಿದ ಚಿಟ್ಟೆ-ಪತಂಗಗಳ ಪಟ್ಟಿ 1854ರಿಂದ 1866ರವರೆಗೆ 35 ಭಾಗಗಳಲ್ಲಿ ಹೊರಬಂತು. ಭಾರತ, ಸಿಂಹಳ, ಬೋರ್ನಿಯೊದ ಅಸಂಖ್ಯ ಪತಂಗಗಳ ಹೆಸರಿನ ಹಿಂದೆ ಇವತ್ತಿಗೂ ವಾಕರ್ ಇದ್ದಾರೆ. ಅಷ್ಟೇ ಸಂಖ್ಯೆಯಲ್ಲಿ ಅಲ್ಲದಿದ್ದರೂ ಗಣನೀಯವಾಗಿ, ಅವರಿಟ್ಟ ಹೆಸರುಗಳು ಹೊಡೆದುಹಾಕಲ್ಪಟ್ಟೂ ಇವೆ. ಒಂದೇ ಪತಂಗಕ್ಕೆ ಬೇರೆ ಬೇರೆ ಕಡೆ ಹೆಸರಿಟ್ಟರು, ಗಂಡಿಗೊಂದು ಹೆಣ್ಣಿಗೊಂದು ಎಂದು ಇಟ್ಟರು. 1874ರಲ್ಲಿ ಅವರು ತೀರಿಕೊಂಡಾಗ ಇಂಗ್ಲೆಂಡಿನ ಕೀಟಶಾಸ್ತ್ರದ ಮಾಸಪತ್ರಿಕೆಯೊಂದು ಬರೆದ ಸಾವಿನ ಸುದ್ದಿ ಎಷ್ಟು ಕಟುವಾಗಿತ್ತೆಂದರೆ, ಅವರು ಇಪ್ಪತ್ತು ವರ್ಷ ಮೊದಲೇ ಹೋಗಿದ್ದರೆ ಅವರ ಹೆಸರಿಗೆ ಒಳ್ಳೆಯದಿತ್ತು ಎನ್ನುವ ಧಾಟಿಯಲ್ಲಿತ್ತು. ಸತ್ತವರ ಬಗ್ಗೆ ಹಾಗೆ ಬರೆಯಬಾರದು ಎಂಬ ಮಾತು ಬೇರೆ. ಆದರೆ ತಪ್ಪನ್ನು ವಾಕರ್ ಒಬ್ಬರ ಅವಸರದ ತಲೆಗೆ ಕಟ್ಟಿ ಕೈತೊಳೆದುಕೊಂಡದ್ದೂ ನ್ಯಾಯವಲ್ಲ. ತೊಡಕು ಮನುಷ್ಯನಿಗಿಂತ ಹೆಚ್ಚಾಗಿ ಅವರ ಮುಂದಿದ್ದ ಸಾಕ್ಷ್ಯದಲ್ಲೇ ಇತ್ತು.

ಪೆಟ್ಟಿಗೆಯಲ್ಲಿರುವುದು ಬಿಡಿ ಬಿಡಿ ಜೀವಿಗಳು. ಪ್ರಭೇದವೆಂದರೆ ಸಂತಾನ. ಬಿಡಿ ಮಾದರಿಗಳ ಹೋಲಿಕೆಯಿಂದ ಪ್ರಭೇದ ನಿರ್ಧರಿಸುವುದು ಪಾಸ್‌ಪೋರ್ಟ್ ಫೋಟೋಗಳನ್ನು ಹರವಿಕೊಂಡು ವಂಶವೃಕ್ಷ ಬರೆದಂತೆ. ಇದಕ್ಕೆ ಎಲ್ಲರ ಹಿತ್ತಲಲ್ಲೂ ಸಿಗುವ ಉದಾಹರಣೆ ಪತಂಗವಲ್ಲ, ಚಿಟ್ಟೆ. ಇಲ್ಲಿ ಎರಡಕ್ಕೂ ನ್ಯಾಯ ಒಂದೇ. ಕರಿಬೇವು ಮತ್ತು ನಿಂಬೆ ಗಿಡದ ಎಲೆ ತಿಂದು ಬೆಳೆಯುವ ಪ್ಯಾಪಿಲಿಯೊ ಪಾಲಿಟೀಸ್ ಎಂಬ ಕಪ್ಪು ಚಿಟ್ಟೆಯ ಗಂಡು ಒಂದೇ ಥರ. ಹೆಣ್ಣಿನಲ್ಲಿ ಮೂರು ವೇಷ: ಒಂದು ಗಂಡಿನಂತೆಯೇ, ಇನ್ನೆರಡು ಹಕ್ಕಿಗಳಿಗೆ ಬೇಡವಾದ ಎರಡು ಬೇರೆ ಕೆಂಪು-ಕಪ್ಪು ಚಿಟ್ಟೆಗಳಂತೆ. ಲಿನೇಯಸ್ 1758ರ ಒಂದೇ ಪುಸ್ತಕದಲ್ಲಿ ಇದರ ಗಂಡಿಗೆ ಪ್ಯಾಮನ್ ಎಂದೂ ಹೆಣ್ಣಿನ ಒಂದು ವೇಷಕ್ಕೆ ಪಾಲಿಟೀಸ್ ಎಂದೂ ಎರಡು ಹೆಸರಿಟ್ಟರು. ಡಚ್ಚರ ಪೀಟರ್ ಕ್ರಾಮರ್ ಮತ್ತೊಂದು ವೇಷಕ್ಕೆ ರೊಮ್ಯುಲಸ್ ಎಂದರು. ಮೂವರನ್ನೂ ಒಂದೇ ಮನೆಯವರೆಂದು ಸಂಶಯಕ್ಕೆಡೆಯಿಲ್ಲದೆ ತೋರಿಸಲು ಬೇಕಾದದ್ದು ಇನ್ನಷ್ಟು ಸೂಕ್ಷ್ಮ ಕಣ್ಣಲ್ಲ. ಒಂದು ತಾಯಿಯ ಮೊಟ್ಟೆಗಳು, ಒಂದು ಡಬ್ಬಿ, ದಿನವೂ ತಾಜಾ ಸೊಪ್ಪು. 1904ರಲ್ಲಿ ಲಂಡನ್ನಿನ ಕೀಟಶಾಸ್ತ್ರ ಸಂಘದ ಅಧ್ಯಕ್ಷರಾಗಿ ಆಕ್ಸ್‌ಫರ್ಡಿನ ಎಡ್ವರ್ಡ್ ಪೌಲ್ಟನ್ ‘ಪ್ರಭೇದವೆಂದರೇನು’ ಎಂಬ ವಿಷಯವಾಗಿಯೇ ಮಾತನಾಡಿದರು. ಹೊರನೋಟದ ಹೋಲಿಕೆಗಿಂತ ಕೂಡಿ ಸಂತಾನ ಪಡೆಯುವುದು ಮತ್ತು ಒಂದೇ ಮೂಲದಿಂದ ಹುಟ್ಟಿಬರುವುದು ದೊಡ್ಡ ಪ್ರಮಾಣ ಎಂಬುದು ಅವರ ನಿಲುವಾಗಿತ್ತು. ಅಂದರೆ ಮೇಜಿನವರ ಸಭೆಯಲ್ಲೇ, ಮೇಜಿನ ಸಾಕ್ಷ್ಯ ಸಾಲದು ಎಂಬ ಮಾತು ಆಗಲೇ ಬಂದಿತ್ತು.

ಮೂರ್ ಅವರ ಕಥೆಗೆ ಮರಳಿದರೆ, ಅಲ್ಲೂ ಹುಳು ಇದೆ. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಮ್ಯೂಸಿಯಂನಲ್ಲಿ ದಶಕಗಳ ಕಾಲ ದುಡಿದ ಮೂರ್, ಸಿಂಹಳದ ಚಿಟ್ಟೆ-ಪತಂಗಗಳ ಮೇಲೆ 1880ರಿಂದ 1887ರವರೆಗೆ ಮೂರು ಸಂಪುಟ ಹೊರತಂದರು. ಆ ಸಂಪುಟಗಳನ್ನು ಬರಿಯ ಒಣ ಮಾದರಿಗಳ ಪಟ್ಟಿಯಾಗದಂತೆ ಉಳಿಸಿದ್ದು ಪೆರಾದೆನಿಯ ಸಸ್ಯತೋಟದಿಂದ ಬಂದ ಚಿತ್ರಗಳು. ತೋಟದ ನಿರ್ದೇಶಕ ಥ್ವೇಟ್ಸ್ ಅವರ ಉಸ್ತುವಾರಿಯಲ್ಲಿ ವಿಲಿಯಂ ಮತ್ತು ಜಾರ್ಜ್ ಡಿ ಆಲ್ವಿಸ್ ಎಂಬ ಸಿಂಹಳೀಯ ಸೋದರರು ಜೀವಂತ ಹುಳು, ಕೋಶ, ಅದು ತಿನ್ನುವ ಗಿಡ, ಹೊರಬಂದ ಪತಂಗ ಇವನ್ನು ನೋಡಿ ನೋಡಿ ಬರೆದಿದ್ದರು. ಅವರು ಮೊದಲಿಗೆ ಸಸ್ಯಗಳ ಚಿತ್ರ ಬರೆಯುವ ಮನೆತನದವರು. ಎಲೆಯ ಅಂಚು, ತೊಟ್ಟಿನ ತಿರುವು ಅವರ ಕೈಗೆ ಸಹಜವಾಗಿ ಒಲಿದಿತ್ತು. ಆದ್ದರಿಂದಲೇ ಆ ಚಿತ್ರಗಳಲ್ಲಿ ಗಿಡ ಬರಿಯ ಅಲಂಕಾರವಲ್ಲ, ಅದೂ ಒಂದು ಮಾಹಿತಿ. ತಪ್ರೊಬಾನಿಸ್‌ನ ಹೆಸರಿನ ಬೆನ್ನಿಗೆ ಮೂರ್ ಇದ್ದಾರೆ, ಆಲ್ವಿಸ್ ಸೋದರರು ಇಲ್ಲ. ನಿಯಮ ಹಾಗಿದೆ, ನಿಯಮ ಸರಿಯೂ ಹೌದು. ಇತಿಹಾಸ ಬರೆಯುವವರು ಆ ನಿಯಮಕ್ಕೆ ಕಟ್ಟುಬೀಳಬೇಕಿಲ್ಲ.

ಭಾರತದ ಪತಂಗಗಳಿಗೆ ಮೊದಲ ಕೈಪಿಡಿ ಎನ್ನಬಹುದಾದದ್ದನ್ನು ಕೊಟ್ಟ ಜಾರ್ಜ್ ಹ್ಯಾಂಪ್ಸನ್ ನೀಲಗಿರಿಯಲ್ಲಿ ಚಹಾ ಬೆಳೆಯಲು ಬಂದವರು. ತೋಟದ ಸುತ್ತ ಸಂಗ್ರಹಿಸುತ್ತ ಪತಂಗದ ಹುಚ್ಚು ಹಿಡಿಸಿಕೊಂಡು ಲಂಡನ್ನಿಗೆ ಮರಳಿದರು. 1891ರಲ್ಲಿ ನೀಲಗಿರಿಯ ಪತಂಗಗಳ ಸಚಿತ್ರ ಸಂಪುಟ, 1892ರಿಂದ 1896ರೊಳಗೆ ಬ್ರಿಟಿಷ್ ಭಾರತದ ಪತಂಗಗಳ ನಾಲ್ಕು ಸಂಪುಟ ಬರೆದರು. ಐದು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಅಲ್ಲಿವೆ. ಈ ಗುಣವಿದ್ದರೆ ಇಲ್ಲಿಗೆ ಹೋಗು, ಇಲ್ಲದಿದ್ದರೆ ಅಲ್ಲಿಗೆ ಹೋಗು ಎಂದು ಕವಲೊಡೆಯುತ್ತ ಸಾಗುವ ಅವರ ಗುರುತುಪಟ್ಟಿಯನ್ನು ಸಂಶೋಧಕರು ಇಂದಿಗೂ ತಿರುವುತ್ತಾರೆ. ಆದರೆ ಹುಳುವಿನ ಕಾಲಂ ಆ ಸಂಪುಟಗಳಲ್ಲಿ ಬಡವಾಗಿದೆ. ಪತಂಗದ ಬದುಕಿನ ಬಹುಪಾಲು ಕಳೆಯುವುದು ಹುಳುವಾಗಿ. ಅಟಾಕಸ್‌ನಂಥ ಪತಂಗಕ್ಕಂತೂ ಉಣ್ಣುವ ಬಾಯಿಯೇ ಇಲ್ಲ, ಹುಳುವಾಗಿದ್ದಾಗ ಕೂಡಿಟ್ಟದ್ದರಲ್ಲಿ ಕೆಲವೇ ದಿನ ಬದುಕಿ ಮೊಟ್ಟೆಯಿಟ್ಟು ಮುಗಿಸುತ್ತದೆ. ಆ ಕೊನೆಯ ಕೆಲವು ದಿನಗಳ ರೂಪವನ್ನೇ ಪ್ರಭೇದದ ಸಮಗ್ರ ವರ್ಣನೆ ಎಂದು ಒಪ್ಪಿಕೊಂಡದ್ದರಲ್ಲಿ ಸೌಕರ್ಯದ ಪಾಲು ದೊಡ್ಡದು: ಹುಳು ಸತ್ತರೆ ಬಣ್ಣ ಕೆಟ್ಟು ಸುಕ್ಕಾಗುತ್ತದೆ, ಪತಂಗವನ್ನು ಹಡಗಿನಲ್ಲಿ ಕಳಿಸಬಹುದು.

ಅದೇ ದಶಕದಲ್ಲಿ ಬೊಂಬಾಯಿ ಪ್ರಾಂತದ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೂವರು ಸರ್ಕಾರಿ ಅಧಿಕಾರಿಗಳು ಈ ಕೊರತೆಗೆ ನೇರವಾಗಿ ಕೈಹಾಕಿದ್ದರು. ಜೇಮ್ಸ್ ಡೇವಿಡ್‌ಸನ್ ಜಿಲ್ಲೆಯ ಕಲೆಕ್ಟರು, ಹಕ್ಕಿಗಳ ಬಗ್ಗೆ ಹೆಸರು ಮಾಡಿದವರು. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಉಪ್ಪು ಮತ್ತು ಸುಂಕದ ಇಲಾಖೆಯವರು, ಇ.ಎಚ್.ಎ. ಎಂಬ ಹೆಸರಿನಲ್ಲಿ ಹಾಸ್ಯಲೇಪಿತ ಪ್ರಕೃತಿ ಬರಹ ಬರೆದು ಆಗಲೇ ಜನಪ್ರಿಯರಾಗಿದ್ದರು. ಐರ್ಲೆಂಡಿನಲ್ಲಿ 1863ರಲ್ಲಿ ಹುಟ್ಟಿ 1884ರಲ್ಲಿ ಭಾರತಕ್ಕೆ ಬಂದ ಟಿ.ಆರ್. ಬೆಲ್ ಅರಣ್ಯ ಇಲಾಖೆಯವರು. 1883ರಲ್ಲಿ ಸ್ಥಾಪನೆಯಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1890ರಲ್ಲಿ ಡೇವಿಡ್‌ಸನ್ ಮತ್ತು ಏಟ್ಕನ್ ಬರೆದ ಲೇಖನದ ವಿಷಯ ಚಿಟ್ಟೆಗಳಲ್ಲ, ಚಿಟ್ಟೆಗಳ ಹುಳು ಮತ್ತು ಕೋಶಗಳು. 1896–97ರಲ್ಲಿ ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಅದೇ ಪತ್ರಿಕೆಯಲ್ಲಿ ದೀರ್ಘ ಲೇಖನಮಾಲೆ ಪ್ರಕಟಿಸಿದರು. ಯಾವ ಹುಳು ಯಾವ ಗಿಡದ್ದು, ಎಲೆಯ ಯಾವ ಬದಿಗೆ ಕೂರುತ್ತದೆ, ಹೇಗೆ ಮಡಚಿ ಮನೆ ಮಾಡಿಕೊಳ್ಳುತ್ತದೆ, ಕೋಶ ಯಾವ ಕೋನದಲ್ಲಿ ತೂಗುತ್ತದೆ ಎಂಬ ವಿವರಗಳು ಅಲ್ಲಿ ಮುಖ್ಯ ಪಠ್ಯ, ಅಡಿಟಿಪ್ಪಣಿಯಲ್ಲ.

ಈ ಕೆಲಸದ ಕಷ್ಟ ರೇಷ್ಮೆ ಬೆಳೆಯುವ ಕನ್ನಡ ರೈತರಿಗೆ ವಿವರಿಸಿ ಹೇಳಬೇಕಿಲ್ಲ. ಹುಳು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಾಗ ಮುಟ್ಟಬಾರದು, ಒದ್ದೆ ಸೊಪ್ಪು ಹಾಕಿದರೆ ರೋಗ, ಒಂದು ಹೊತ್ತು ಸೊಪ್ಪು ತಪ್ಪಿದರೆ ಗೂಡು ಸಣ್ಣ. ಕಾಡಿನ ಹುಳುವಿಗೆ ಇನ್ನೊಂದು ತೊಡಕು ಸೇರುತ್ತದೆ: ಅದರ ಸೊಪ್ಪು ಯಾವುದೆಂದೇ ಗೊತ್ತಿರುವುದಿಲ್ಲ. ತಿನ್ನುತ್ತಿದ್ದಾಗಲೇ ಹಿಡಿದರೆ ಸರಿ. ನೆಲದ ಮೇಲೆ ಹರಿದು ಹೋಗುತ್ತಿದ್ದಾಗ ಸಿಕ್ಕಿದರೆ ಹತ್ತು ಥರದ ಎಲೆ ಇಟ್ಟು ನೋಡಬೇಕು. ಗಿಡದ ಹೆಸರು ತಿಳಿಯದಿದ್ದರೆ ಹುಳುವಿನ ದಾಖಲೆ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿ ಬೆಲ್ ಅವರ ಅರಣ್ಯ ಇಲಾಖೆಯ ನೌಕರಿ ಉಪಕಾರಕ್ಕೆ ಬಂತು. ಮರಗಿಡ ಗುರುತಿಸುವುದು ಅವರ ಹೊಟ್ಟೆಪಾಡಿನ ವಿದ್ಯೆಯೇ ಆಗಿತ್ತು. ನಿವೃತ್ತಿಯ ನಂತರವೂ ಅವರು ಕಾರವಾರವನ್ನು ಬಿಡಲಿಲ್ಲ, 1948ರಲ್ಲಿ ಅಲ್ಲೇ ತೀರಿಕೊಂಡರು.

ಬೆಲ್ ಅವರ ಪತಂಗದ ದುಡಿಮೆ ಪುಸ್ತಕವಾಗಿ ನಿಂತದ್ದು 1937ರಲ್ಲಿ. ಹ್ಯಾಂಪ್ಸನ್ ನಾಲ್ಕಕ್ಕೆ ನಿಲ್ಲಿಸಿದ್ದ ಸರಣಿಗೆ ಐದನೆಯ ಸಂಪುಟವಾಗಿ, ಎಫ್.ಬಿ. ಸ್ಕಾಟ್ ಅವರೊಡನೆ ಸೇರಿ ಬರೆದ ಹಾಕ್‌ಮಾತ್ ಕುಟುಂಬದ ಪುಸ್ತಕ ಅದು. ಬಾಲದ ತುದಿಯಲ್ಲಿ ಕೊಂಬಿರುವ ದಪ್ಪ ಹುಳುಗಳ, ಬಾಣದಂತೆ ಹಾರುವ ಪತಂಗಗಳ ಕುಟುಂಬ. ಕಣಗಿಲೆಗೂ ನಂದಿಬಟ್ಟಲಿಗೂ ಬೀಳುವ, ಬೆನ್ನ ಮೇಲೆ ಎರಡು ನೀಲಿ ಕಣ್ಣಿನಂಥ ಕಲೆ ಇರುವ ಹಸಿರು ಹುಳು ಈ ಕುಟುಂಬದ್ದೇ. ಕೋಶವಾಗುವ ಹೊತ್ತಿಗೆ ಅದು ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಇದೇ ಕುಟುಂಬದ ಇನ್ನು ಕೆಲವು ಪತಂಗಗಳಲ್ಲಿ ಒಂದೇ ಪ್ರಭೇದದ ಹುಳು ಹಸಿರು, ಹಳದಿ, ಕಂದು ಎಂದು ಬೇರೆ ಬೇರೆ ಬಣ್ಣದಲ್ಲಿ ಸಿಗುತ್ತದೆ. ಹೊರಗಿನಿಂದ ನೋಡುವವರಿಗೆ ಇವು ಬೇರೆ ಹುಳುಗಳು. ಸಾಕಿದವರಿಗೆ ಮಾತ್ರ ಗೊತ್ತು. ಹ್ಯಾಂಪ್ಸನ್ನರ ಸಂಪುಟಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಎರಡರ ಸ್ವಭಾವವೇ ಬೇರೆ ಎಂದು ತಿಳಿಯುತ್ತದೆ: ಅಲ್ಲಿ ಪತಂಗದ ಗುರುತುಪಟ್ಟಿ, ಇಲ್ಲಿ ಮೊಟ್ಟೆಯಿಂದ ಪತಂಗದವರೆಗಿನ ಚರಿತ್ರೆ. ಹೆಸರುಗಳ ಮಟ್ಟಿಗೆ ಬೆಲ್ ಮತ್ತು ಸ್ಕಾಟ್ ಆಧರಿಸಿದ್ದು 1903ರಲ್ಲಿ ವಾಲ್ಟರ್ ರಾತ್ಸ್‌ಚೈಲ್ಡ್ ಮತ್ತು ಕಾರ್ಲ್ ಜೋರ್ಡನ್ ಮಾಡಿದ್ದ ದೊಡ್ಡ ಪರಿಷ್ಕರಣೆಯನ್ನು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಎರಡು ಕೆಲಸಗಳೂ ಒಂದೇ ಪುಸ್ತಕದಲ್ಲಿ ಸಮಾನವಾಗಿ ಕೂತ ಅಪರೂಪದ ಉದಾಹರಣೆ ಇದು.

ಎರಡೂ ಕೂಡದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಕೊಡಗು ಸಾಕ್ಷಿ. ಇಂಗ್ಲೆಂಡಿನ ಮಾರ್ಲ್‌ಬರೋ ಶಾಲೆಯ ಮೇಷ್ಟ್ರು ಎಡ್ವರ್ಡ್ ಮೈರಿಕ್ ಅತಿ ಸಣ್ಣ ಪತಂಗಗಳ ಲೋಕದ ಚಕ್ರವರ್ತಿ. ಜಗತ್ತಿನ ನಾನಾ ಕಡೆಯ ಹತ್ತು ಸಾವಿರಕ್ಕೂ ಮೀರಿದ ಪ್ರಭೇದಗಳಿಗೆ ಹೆಸರಿಟ್ಟವರು. ಅವರ ಬರಹಗಳಲ್ಲಿ ಉತ್ತರ ಕೊಡಗು, ಕಾರವಾರ, ಸೂಪಾ ಎಂಬ ಊರುಗಳು ಮತ್ತೆ ಮತ್ತೆ ಬರುತ್ತವೆ. ಕೊಡಗಿನಿಂದ ನ್ಯೂಕಮ್, ಕಾರವಾರದ ಕಡೆಯಿಂದ ಮ್ಯಾಕ್ಸ್‌ವೆಲ್ ಎಂಬುವರು ಕಳಿಸಿದ ಪತಂಗಗಳು ಅವು. ಮೈರಿಕ್ ರೆಕ್ಕೆಯ ನರ ಮತ್ತು ಬಣ್ಣ ನೋಡಿ ಬರೆಯುತ್ತಿದ್ದರು. ಜನನಾಂಗ ಸೀಳಿ ನೋಡುವ ಹೊಸ ಪದ್ಧತಿಯನ್ನು ಕೊನೆಯವರೆಗೂ ಒಪ್ಪಲಿಲ್ಲ. 1938ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮೂಲ ಮಾದರಿಗಳನ್ನು ಸೀಳಿ, ಸ್ಲೈಡು ಮಾಡಿ, ಚಿತ್ರ ಸಹಿತ ದಾಖಲಿಸಲು ಅಮೆರಿಕದ ಗೇಟ್ಸ್ ಕ್ಲಾರ್ಕ್ ಅವರಿಗೆ ಎಂಟು ಸಂಪುಟಗಳು ಬೇಕಾದವು. 1955ರಲ್ಲಿ ಶುರುವಾದ ಆ ಪ್ರಕಟಣೆ ಮುಗಿದದ್ದು 1970ರಲ್ಲಿ. ಮೈರಿಕ್ ಹೆಸರಿಸಿದ ಭಾರತದ ಪತಂಗಗಳಲ್ಲಿ ಬದುಕು ತಿಳಿದದ್ದು ಮುಖ್ಯವಾಗಿ ಬೆಳೆಗೆ ಬೀಳುವವುಗಳದ್ದು. ಬಿಹಾರದ ಪೂಸಾದಲ್ಲಿದ್ದ ಬೇನ್‌ಬ್ರಿಜ್ ಫ್ಲೆಚರ್ ಹುಳು ಸಾಕಿ, ಹೊರಬಂದ ಪತಂಗಗಳನ್ನು ಹೆಸರಿಗಾಗಿ ಮೈರಿಕ್‌ಗೆ ಕಳಿಸಿ, 1920ರಲ್ಲಿ ಅವುಗಳ ಜೀವನಚರಿತ್ರೆಯನ್ನು ಪ್ರಕಟಿಸಿದರು. ಆ ಭಾಗ್ಯವಿಲ್ಲದ ಕಾಡಿನ ಪತಂಗಗಳು ಹೆಸರು ಮತ್ತು ನಾಲ್ಕು ಸಾಲಿನ ವರ್ಣನೆಯಲ್ಲಿ ನಿಂತುಬಿಟ್ಟವು.

ಬರಿ ಹೆಸರು ಎಷ್ಟು ನಿರುಪಯೋಗಿ ಎಂಬುದನ್ನು ಕೊಡಗಿನ ಕಿತ್ತಳೆ ತೋಟದಿಂದಲೂ ತಿಳಿಯಬಹುದು. ರಾತ್ರಿ ಬಂದು ಮಾಗಿದ ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ಯೂಡೊಸಿಮಾ ಕುಲದ ದೊಡ್ಡ ಪತಂಗಗಳು ಬೆಳೆಗಾರರಿಗೆ ಹಳೆಯ ಶತ್ರುಗಳು. ಚುಚ್ಚಿದ ಕಡೆ ಹಣ್ಣು ಕೊಳೆತು ಉದುರುತ್ತದೆ. ಇವುಗಳ ಹೆಸರು ಹದಿನೆಂಟನೆಯ ಶತಮಾನದಿಂದಲೇ ಪುಸ್ತಕದಲ್ಲಿದೆ. ಆದರೆ ಕಿತ್ತಳೆ ಗಿಡವನ್ನೆಲ್ಲ ಜಾಲಾಡಿದರೂ ಇವುಗಳ ಒಂದು ಹುಳುವೂ ಸಿಗದು. ಹುಳು ಇರುವುದು ಅಮೃತಬಳ್ಳಿ ಮತ್ತು ಅದರ ಕುಟುಂಬದ ಬಳ್ಳಿಗಳ ಮೇಲೆ, ಬೇಲಿಯಲ್ಲಿ, ಕಾಡಂಚಿನಲ್ಲಿ. ಇದನ್ನು ಯಾವ ರೆಕ್ಕೆಯೂ ಹೇಳುವುದಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಮೊದಲನೆಯದು ಹೀಗೆ: ಹೆಸರು ನಿಲ್ಲದೆ ಜೀವನಚರಿತ್ರೆ ಯಾರದ್ದೆಂದು ಹೇಳುವುದು? ಮ್ಯೂಸಿಯಂನಲ್ಲಿ ಕೆಂಪು ಚೀಟಿ ಕಟ್ಟಿಕೊಂಡ ಒಂದು ಮೂಲ ಮಾದರಿ ಇದ್ದರೇ ಉಳಿದ ಜ್ಞಾನಕ್ಕೆ ಗೂಟ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ತಪ್ರೊಬಾನಿಸ್ ಪ್ರಕರಣವೇ ಅದಕ್ಕೆ ಸಾಕ್ಷಿ: ದಕ್ಷಿಣ ಭಾರತದ ಪತಂಗದ ಬಗ್ಗೆ ಅಟ್ಲಾಸ್ ಹೆಸರಿನಲ್ಲಿ ಯಾರು ಏನೇ ಬರೆದಿದ್ದರೂ ಅದನ್ನು ಈಗ ಬೇರೆ ಖಾತೆಗೆ ವರ್ಗಾಯಿಸಬೇಕು, ಹಾಗೆ ವರ್ಗಾಯಿಸಲು ಸಾಧ್ಯವಾದದ್ದು ಮೂರ್ ಅವರ ಮಾದರಿ ಇದ್ದುದರಿಂದ. ಆದರೆ ಗೂಟ ಬೇಕು ಎಂಬುದು ಒಂದು ಮಾತು, ಗೂಟವೇ ಸಾಕು ಎಂಬುದು ಇನ್ನೊಂದು. ಮೂಲ ಮಾದರಿ ಒಂದು ಹೆಸರು ಯಾವ ಜೀವಿಗೆ ಸೇರಿದ್ದೆಂದು ಹೇಳುತ್ತದೆ. ಆ ಹೆಸರಿನ ವ್ಯಾಪ್ತಿ ಎಷ್ಟು, ಅದರೊಳಗೆ ಯಾರು ಯಾರು ಬರುತ್ತಾರೆ ಎಂದು ಅದು ಹೇಳಲಾರದು. ಮೊದಲನೆಯದು ಕಾನೂನಿನ ಪ್ರಶ್ನೆ, ಎರಡನೆಯದು ಪ್ರಕೃತಿಯ ಪ್ರಶ್ನೆ.

ಎರಡನೆಯ ಆಕ್ಷೇಪ: ಹುಳು ಸಾಕಿದವರೂ ತಪ್ಪಿದ್ದಾರೆ. ಹೌದು, ದೊಡ್ಡವರೇ ತಪ್ಪಿದ್ದಾರೆ. ಮರಿಯಾ ಸಿಬಿಲ್ಲಾ ಮೇರಿಯನ್ 1699ರಿಂದ 1701ರವರೆಗೆ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿದ್ದು ಹುಳು ಸಾಕಿ, ಗಿಡದ ಸಮೇತ ಚಿತ್ರಿಸಿ 1705ರಲ್ಲಿ ಪ್ರಕಟಿಸಿದ ಪುಸ್ತಕ ಉಷ್ಣವಲಯದ ಪತಂಗಗಳ ಅಧ್ಯಯನಕ್ಕೆ ಮೊದಲ ಮೆಟ್ಟಿಲು. ಲಿನೇಯಸ್ ಕೂಡ ಅದನ್ನು ಆಧರಿಸಿದರು. ಅದರಲ್ಲಿ ರೆಕ್ಕೆಯ ಅಗಲದಲ್ಲಿ ಜಗತ್ತಿಗೇ ದೊಡ್ಡದೆನ್ನಿಸಿದ ಒಂದು ಬೂದುಬಿಳಿ ಪತಂಗದ ಜೊತೆ ಬರೆದಿರುವ ಹುಳು ಬೇರೆಯೇ ಕುಟುಂಬದ ಪತಂಗದ್ದು ಎಂದು ತಜ್ಞರು ಗುರುತಿಸಿದ್ದಾರೆ. ಇನ್ನು, ಹುಳುವಿನಿಂದ ಪತಂಗದ ಬದಲು ಅದರೊಳಗೆ ಮೊಟ್ಟೆಯಿಟ್ಟಿದ್ದ ಕಣಜವೋ ನೊಣವೋ ಹೊರಬರುವುದು ಸಾಕುವವರೆಲ್ಲರ ಪಾಡು. ಆದರೆ ಸಾಕಣೆಯ ತಪ್ಪಿಗೂ ಮೇಜಿನ ತಪ್ಪಿಗೂ ಒಂದು ವ್ಯತ್ಯಾಸವಿದೆ. ಸಾಕಣೆಯ ತಪ್ಪನ್ನು ಮತ್ತೆ ಸಾಕಿ ತಿದ್ದಬಹುದು, ಯಾರು ಬೇಕಾದರೂ, ಆ ಗಿಡ ಇರುವ ಊರಿನಲ್ಲೇ. ವಾಕರ್ ಅವರ ತಪ್ಪನ್ನು ತಿದ್ದಲು ಲಂಡನ್ನಿಗೇ ಹೋಗಬೇಕಿತ್ತು. ಇನ್ನೊಂದು ಮಾತು: ಹೊರಬಂದ ಆ ಕಣಜವೂ ಒಂದು ಮಾಹಿತಿಯೇ; ಯಾವ ಹುಳುವಿನ ಮೇಲೆ ಯಾವ ಕಣಜ ಎಂಬುದು ಸಾಕಣೆಯಿಲ್ಲದೆ ತಿಳಿಯುವ ವಿಷಯವಲ್ಲ.

ಮೂರನೆಯ ಆಕ್ಷೇಪ ಈ ಕಾಲದ್ದು: ಈಗ ಇದೆಲ್ಲ ಯಾಕೆ? ಹೊಟ್ಟೆಯ ತುದಿಯನ್ನು ಕಾಸ್ಟಿಕ್ ಪೊಟ್ಯಾಶಿನಲ್ಲಿ ನೆನೆಸಿ ಜನನ ಭಾಗಗಳನ್ನು ಬಿಡಿಸಿ ನೋಡಿದರೆ ಒಂದೇ ಥರ ಕಾಣುವ ಪತಂಗಗಳೂ ಬೇರೆಯಾಗುತ್ತವೆ. ಅದೂ ಸಾಲದಿದ್ದರೆ ಒಂದು ಕಾಲು ಮುರಿದು ಡಿಎನ್‌ಎ ಓದಬಹುದು. 2003ರಲ್ಲಿ ಕೆನಡಾದ ಪಾಲ್ ಹೀಬರ್ಟ್ ತಂಡ ಸುಮಾರು 650 ಅಕ್ಷರಗಳ ಒಂದು ವಂಶವಾಹಿ ತುಣುಕನ್ನು ಪ್ರಭೇದದ ಬಾರ್‌ಕೋಡ್ ಆಗಿ ಬಳಸಬಹುದೆಂದು ಮುಂದಿಟ್ಟ ಮೇಲೆ ಹುಳು ಸಾಕುವುದು ಹಳೆಯ ಕಾಲದ ಹವ್ಯಾಸದಂತೆ ಕಾಣತೊಡಗಿತು. ವಿಚಿತ್ರವೆಂದರೆ ಆ ವಿಧಾನಕ್ಕೆ ಹೆಸರು ತಂದುಕೊಟ್ಟ ಪ್ರಕರಣವೇ ನನ್ನ ವಾದದ ಪರವಾಗಿದೆ. ಮಧ್ಯ ಅಮೆರಿಕದ ಕೋಸ್ಟರಿಕಾದ ಗ್ವಾನಕಾಸ್ಟೆ ಕಾಡಿನಲ್ಲಿ ಡ್ಯಾನ್ ಜಾನ್ಸೆನ್ ಮತ್ತು ವಿನಿ ಹಾಲ್‌ವಾಕ್ಸ್ 1978ರಿಂದ ಹುಳು ಸಾಕಿಸಿ ದಾಖಲಿಸುತ್ತ ಬಂದಿದ್ದರು. ಅಸ್ಟ್ರಾಪ್ಟಿಸ್ ಫುಲ್‌ಗರೇಟರ್ ಎಂಬ ಚಿಟ್ಟೆ ಹೊರನೋಟಕ್ಕೆ ಒಂದೇ. ಹುಳುಗಳು ಮಾತ್ರ ಬೇರೆ ಬೇರೆ ಬಣ್ಣದವು, ಬೇರೆ ಬೇರೆ ಗಿಡ ತಿನ್ನುವವು. 2004ರಲ್ಲಿ ಡಿಎನ್‌ಎ ಓದಿ ಅದರಲ್ಲಿ ಹತ್ತು ಪ್ರಭೇದಗಳಿವೆ ಎಂದು ಪ್ರಕಟಿಸಿದರು. ಹತ್ತು ಎಂಬ ಲೆಕ್ಕವನ್ನು ಆಮೇಲೆ ಕೆಲವರು ಪ್ರಶ್ನಿಸಿದರು, ಅಷ್ಟಿಲ್ಲ ಎಂದರು. ಆ ಜಗಳ ಏನೇ ಇರಲಿ, ಡಿಎನ್‌ಎಯ ಗುಂಪುಗಳಿಗೆ ಅರ್ಥ ಬಂದದ್ದು ಅವು ಹುಳುವಿನ ಬಣ್ಣಕ್ಕೂ ತಿನ್ನುವ ಗಿಡಕ್ಕೂ ತಾಳೆಯಾದದ್ದರಿಂದ. ಆ ದಾಖಲೆ ಇಲ್ಲದಿದ್ದರೆ ಅಕ್ಷರಗಳ ಸಣ್ಣ ವ್ಯತ್ಯಾಸವನ್ನು ಪ್ರಭೇದವೆನ್ನುವುದೋ ಊರಿಂದೂರಿಗಿನ ಬದಲಾವಣೆ ಎನ್ನುವುದೋ ಎಂದು ತೀರ್ಮಾನಿಸಲು ಬೇರೆ ಆಸರೆ ಇರುತ್ತಿರಲಿಲ್ಲ. ಕರಿಬೇವಿನ ಚಿಟ್ಟೆಯಲ್ಲಿ ಸಾಕಣೆ ಮೂರು ವೇಷಗಳನ್ನು ಒಂದು ಮಾಡಿತು, ಇಲ್ಲಿ ಒಂದು ವೇಷವನ್ನು ಹಲವಾಗಿ ಒಡೆಯಿತು.

ನಾಲ್ಕನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಮುಜುಗರ. ಬೆಲ್, ಡೇವಿಡ್‌ಸನ್, ಏಟ್ಕನ್ ಮೂವರೂ ವಸಾಹತು ಆಡಳಿತದ ಅಧಿಕಾರಿಗಳು. ಕಾಡನ್ನು ಸರ್ಕಾರದ ಸೊತ್ತಾಗಿ ಕಾದ ಇಲಾಖೆಯ ಮನುಷ್ಯನ ಹುಳು ಸಾಕಣೆಯನ್ನು ಲಂಡನ್ನಿನ ಮೇಜಿಗೆ ಎದುರಾಗಿ ನಿಲ್ಲಿಸಿ ಹೊಗಳುವುದು ಒಬ್ಬ ದೊರೆಯ ಬದಲು ಇನ್ನೊಬ್ಬ ದೊರೆಯನ್ನು ಕೂರಿಸಿದಂತಲ್ಲವೆ? ಪ್ರಶ್ನೆ ನ್ಯಾಯವಾದದ್ದು. ಗಿಡ ತೋರಿಸಿದ, ಬಳ್ಳಿಯ ಸ್ಥಳೀಯ ಹೆಸರು ಹೇಳಿದ, ಮರ ಹತ್ತಿದ ಜನರ ಹೆಸರು ಆ ಕಾಲದ ಮುದ್ರಿತ ಪುಟಗಳಲ್ಲಿ ಸಿಗುವುದು ಅಪರೂಪ. ಮೇರಿಯನ್ ಅವರು ಸುರಿನಾಮಿನ ಗುಲಾಮ ಮಹಿಳೆಯರಿಂದಲೂ ಮೂಲನಿವಾಸಿಗಳಿಂದಲೂ ಕಲಿತೆನೆಂದು ಬರೆದರೂ ಹೆಸರು ಬರೆಯಲಿಲ್ಲ. ಆಲ್ವಿಸ್ ಸೋದರರ ಹೆಸರು ಉಳಿದದ್ದೇ ವಿಶೇಷ. ಆದರೆ ಹುಳುವಿನ ಕೆಲಸವನ್ನು ಎರಡನೆಯ ದರ್ಜೆಗೆ ತಳ್ಳಿದ್ದರಿಂದ ಮೊದಲು ಅಳಿಸಿಹೋದದ್ದು ಈ ಜನರೇ ಎಂಬುದನ್ನು ಗಮನಿಸಬೇಕು. ಸೂಜಿ ಚುಚ್ಚುವ ಕೆಲಸಕ್ಕೆ ಒಬ್ಬರು ಸಾಕು, ಕಾಡಿನ ಹುಳುವಿಗೆ ಊರೇ ಬೇಕು. ಗ್ವಾನಕಾಸ್ಟೆಯಲ್ಲಿ ಸುತ್ತಲ ಹಳ್ಳಿಗಳ ಜನರನ್ನೇ ತರಬೇತಿ ಕೊಟ್ಟು ಸಂಬಳದ ಮೇಲೆ ಈ ಕೆಲಸಕ್ಕೆ ತೊಡಗಿಸಿದರು, ಹುಳುಗಳಿಂದ ಸಿಕ್ಕ ಹೊಸ ಕಣಜಗಳಿಗೆ ಅವರ ಹೆಸರುಗಳನ್ನಿಟ್ಟರು. ಸಾಕಣೆಯನ್ನು ವಿಜ್ಞಾನದ ಮುಖ್ಯ ಕೆಲಸವೆಂದು ಒಪ್ಪಿದಲ್ಲಿ ಮಾತ್ರ ಅದು ಸಾಧ್ಯವಾಯಿತು.

ಇವತ್ತು ಭಾರತದಲ್ಲಿ ಹೊಸ ಪತಂಗವೊಂದನ್ನು ವರ್ಣಿಸುವವರು ಪಾಲಿಸಬೇಕಾದ ನಿಯಮಗಳು ಎರಡು ಕಡೆಯಿಂದ ಬರುತ್ತವೆ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ; ಅದರ ಪ್ರಕಾರ ಮೂಲ ಮಾದರಿಯನ್ನು ಸ್ಪಷ್ಟವಾಗಿ ಹೆಸರಿಸಬೇಕು, ಬೇರೆ ಪ್ರಭೇದಗಳಿಂದ ಹೇಗೆ ಭಿನ್ನ ಎಂಬ ವರ್ಣನೆ ಕೊಡಬೇಕು. 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೆಯ ಸೆಕ್ಷನ್ ಪ್ರಕಾರ ಹೊಸ ಜೀವಿಯನ್ನು ಕಂಡುಹಿಡಿದವರು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು. ಲಂಡನ್ನಿಗೆ ಹೋಗುತ್ತಿದ್ದ ಪೆಟ್ಟಿಗೆ ಈಗ ಇಲ್ಲೇ ಉಳಿಯುತ್ತದೆ. ಇದು ಸಣ್ಣ ಬದಲಾವಣೆಯಲ್ಲ. ಆದರೆ ಎರಡೂ ನಿಯಮಗಳು ಹುಳುವಿನ ಬಗ್ಗೆ ಏನನ್ನೂ ಕೇಳುವುದಿಲ್ಲ. ದೀಪಕ್ಕೆ ಬಂದ ಒಂದು ಗಂಡು ಪತಂಗ, ಅದರ ಒಂದು ಸ್ಲೈಡು, ಈಚೆಗೆ ಒಂದು ಬಾರ್‌ಕೋಡು ಇದ್ದರೆ ಪ್ರಭೇದ ಸಿಂಧು. ಎಲ್ಲ ಹೊಸ ಪತಂಗಕ್ಕೂ ಹುಳು ಕಡ್ಡಾಯ ಎಂದು ನಿಯಮ ಮಾಡಿದರೆ ಹೆಸರಿಡುವ ಕೆಲಸವೇ ನಿಂತುಹೋಗುತ್ತದೆ, ಹಾಗಾಗಿ ಅದು ಬೇಡ. ಆದರೆ ಹುಳು ಸಾಕಿ ಪಡೆದ ಪತಂಗದ ಜೊತೆ ಅದು ಕಳಚಿದ ಕೊನೆಯ ಚರ್ಮ, ಖಾಲಿ ಕೋಶ, ತಿಂದ ಗಿಡದ ಒಣಗಿಸಿದ ಒಂದು ಕೊಂಬೆ, ಸಾಕಿದವರ ಹೆಸರು ಇಷ್ಟನ್ನೂ ಅದೇ ಸಂಖ್ಯೆಯಡಿ ಸೇರಿಸಿ ಇಡುವುದಕ್ಕೆ ಯಾವ ಕಾಯ್ದೆಯೂ ಅಡ್ಡಿ ಬರುವುದಿಲ್ಲ. ಹಾಗೆ ಇಟ್ಟ ಮಾದರಿ ಸಿಕ್ಕಾಗ ಅದನ್ನೇ ಮೂಲ ಮಾದರಿಯಾಗಿ ಆರಿಸುವ ಸ್ವಾತಂತ್ರ್ಯವೂ ವರ್ಣಿಸುವವರಿಗೆ ಈಗಲೇ ಇದೆ.